ಮುಡಿಪಿನ ಕೂದಲು

ಎಷ್ಟು ತೊಳೆದರೂ ಬೆರಳಿನ ಮುಗ್ಗಲು ವಾಸನೆ ಹೋಗಲಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ್ದಾಯಿತು, ಬೂದಿ ಹಾಕಿ ತಿಕ್ಕಿದ್ದಾಯಿತು, ಈಗ ಗಾಡಿಯ ಕುಲುಕಾಟದಲ್ಲಿ ಮಗಳ ಕೆನ್ನೆ ಸವರಿದರೆ ಆ ಕೆನ್ನೆಗೂ ಅದೇ ವಾಸನೆ, ಕಾಳಮ್ಮ ಕೈ ತೆಗೆದು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು — ಸೆರಗಿಗೂ ಅದೇ, ಇದೇ ಸೆರಗಿನ ಗಂಟಿನಲ್ಲಲ್ಲವೇ ತಂದದ್ದು, ಒಂದು ಹಿಡಿ ಪುಡಿ, ತೋಟದಲ್ಲಿ ಮೂಟೆಗಟ್ಟಲೆ ಬಿದ್ದಿರುವಾಗ ಒಂದು ಹಿಡಿಯನ್ನು ಯಾರು ಕೇಳುತ್ತಾರೆ. ಮುಂದೆ ಪುಟ್ಟಸ್ವಾಮಿ ಎತ್ತು ಹೊಡೆಯುತ್ತಿದ್ದಾನೆ, ಹಾಯ್ ಹಾಯ್ ಅನ್ನುವುದು ಬಿಟ್ಟರೆ ಗಂಡನ ಬಾಯಲ್ಲಿ ಬೇರೆ ಮಾತಿಲ್ಲ, ಬೈದಿದ್ದರೂ ಆಗುತ್ತಿತ್ತು, ಎರಡು ಬಾರಿಸಿದ್ದರೂ ಆಗುತ್ತಿತ್ತು, ಸುಂಟಿಕೊಪ್ಪ ದಾಟಿದ್ದೇ ಈಗ, ಮಡಿಕೇರಿ ಆಸ್ಪತ್ರೆ ಇನ್ನೆಷ್ಟು ದೂರವೋ, ಏರು ಬೇರೆ ಶುರುವಾಯಿತು. ಮಗಳು ಮಾರಿ ತೊಡೆಯ ಮೇಲೆ ಮಲಗಿದ್ದಾಳೆ, ಬೆಳಿಗ್ಗೆಯಿಂದ ಸೆಟೆದು ಸೆಟೆದು ಅದುರಿದ ಮೈ ಈಗ ಸುಮ್ಮನಾಗಿದೆ, ಸುಮ್ಮನಾದದ್ದು ಒಳ್ಳೆಯದೇ, ನಿದ್ದೆ ಬಂದಿರಬೇಕು, ನಿದ್ದೆ ಬಂದರೆ ಅರ್ಧ ಕಾಯಿಲೆ ಹೋದ ಹಾಗೆ ಅಂತ ಅತ್ತೆ ಹೇಳುತ್ತಿದ್ದಳು — ಅತ್ತೆಯ ನೆನಪು ಈಗ ಬೇಡ, ಅತ್ತೆ ಸತ್ತ ದಿನ ಬಿಳಿ ಬಟ್ಟೆ ಹೊದಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಪಕ್ಕ ಕೂತು ಅಳುತ್ತಿದ್ದವಳ ರಟ್ಟೆ ಹಿಡಿದು ನೆರೆಮನೆಯ ಮುದುಕಿ ಎಳೆದಳು, ಅತ್ಲಾಗ್ ಸರ್ಕೊಳೇ, ಮೈ ತಣ್ಣಗಾದ್ರೆ ಹೇನು ತಲೆ ಬಿಟ್ಟು ಇಳೀತವೆ, ನಿಂಗ್ ಹತ್ಕೊಂಡಾವು, ನೋಡಿದರೆ ನಿಜ, ನರೆತ ಕೂದಲಿನಿಂದ ಬಿಳಿ ಬಟ್ಟೆಯ ಮೇಲೆ ಸಾಲಾಗಿ — ಬೇಡ, ಆ ಬಟ್ಟೆ ಬೇಡ, ಹಾದಿ ನೋಡು, ಕಾಫಿಗಿಡ ನೋಡು.

ಕಾಫಿಗಿಡದ ಕಾಂಡಗಳೆಲ್ಲ ಬೆಳ್ಳಗಿವೆ, ಇಲ್ಲೂ ಬಳಿದಿದ್ದಾರೆ, ಕಾಂಡ ಕೊರೆಯುವ ಹುಳಕ್ಕೆ ಹೊಸ ಮದ್ದು ಬಂದಿದೆ ಅಂತ ಸಾಹುಕಾರ ಬೆಳ್ಯಪ್ಪನವರು ಲಾರಿಯಲ್ಲಿ ತರಿಸಿದ್ದು, ಹೆಂಗಸರು ತೆಂಗಿನ ನಾರಿನಲ್ಲಿ ಕಾಂಡ ಉಜ್ಜಿ, ಪುಡಿ ಕಲಸಿದ ಬಕೆಟ್ಟಿಗೆ ಬರಿಗೈ ಅದ್ದಿ ಬಳಿಯುವುದು, ತೋಟದ ಲೆಕ್ಕ ಬರೆಯುವ ರೈಟರ್ ಪರಮೇಶಪ್ಪ ಕೊಡೆ ಊರಿ ನಿಂತು, ಹುಳಿನ್ ಪ್ರಾಣಕ್ಕಷ್ಟೇ ಕಣ್ರಮ್ಮ ಇದು, ಮನುಷ್ರಿಗೇನೂ ಆಗಲ್ಲ, ಉಣ್ಣೋವಾಗ ಕೈ ತೊಳ್ಕೊಂಡ್ರೆ ಸಾಕು. ತೊಳೆದದ್ದು ತೋಡಿನ ನೀರಲ್ಲೇ, ಬಕೆಟ್ಟೂ ಅಲ್ಲೇ, ಮಾರನೆಯ ದಿನ ಮೀನು ಹೊಟ್ಟೆ ಮೇಲಾಗಿ ತೇಲಿದವು, ಏಡಿಗಳು ದಡಕ್ಕೆ ಬಂದು ಓಡಲಾರದೆ ಬಿದ್ದಿದ್ದವು, ಕೂಲಿ ಲೈನಿನ ಜನ ಬುಟ್ಟಿ ತುಂಬಿಕೊಂಡು ಸಾರು ಮಾಡಿದರು, ಹೊಟ್ಟೆ ತೊಳಸಿತು ಅಷ್ಟೆ, ಯಾರೂ ಸಾಯಲಿಲ್ಲ. ಆದರೆ ಗಿಡದಡಿ ಕೆದಕಿ ಹುಳ ತಿಂದ ಕೋಳಿ ಕತ್ತು ತಿರುಚಿಕೊಂಡು ಸುತ್ತಿ ಸುತ್ತಿ ಬಿತ್ತಲ್ಲ, ಅದು ಹೇಳಿತ್ತು, ಕಾಳಮ್ಮನೇ ಕೇಳಿಸಿಕೊಳ್ಳಲಿಲ್ಲ, ಕೊಕ್ಕರೆ ರೋಗ ಅಂದುಕೊಂಡು ಕಾಲು ಹಿಡಿದು ಬೇಲಿಯಾಚೆ ಎಸೆದಳು.

ಬೋಳಿಸಿಬಿಡಿ ಅಂದಿದ್ದಳು ಟೀಚರಮ್ಮ, ಕೊಡಗಿಗೆ ತನ್ನದೇ ಮಂತ್ರಿಗಳು ಬಂದ ಮೇಲೆ ತೆರೆದ ಸ್ಕೂಲು, ಈ ಮಗೂ ಪಕ್ಕ ಯಾರೂ ಕೂರ್ತಿಲ್ಲಮ್ಮ, ತಲೆ ತುಂಬ ಹೇನು, ಬೋಳಿಸಿ ಕಳ್ಸಿ. ಬೋಳಿಸುವುದು ಹೇಗೆ, ಆ ಮುಡಿ ನಂಜನಗೂಡಿನ ನಂಜುಂಡಪ್ಪನದು, ಹುಟ್ಟಿದಾಗ ಅಳದೆ ನೀಲಿಗಟ್ಟಿದ್ದ ಕೂಸನ್ನು ಉಳಿಸಿಕೊಡು, ಕೂದಲು ನಿನಗೇ ಅಂತ ಹೊತ್ತ ಹರಕೆ, ಕಪಿಲೆಯಲ್ಲಿ ಮುಳುಗಿಸಿ ಅಲ್ಲೇ ಕತ್ತಿ ಮುಟ್ಟಿಸಬೇಕು, ಅಲ್ಲಿಯವರೆಗೆ ಕತ್ತರಿ ಸೋಕುವಂತಿಲ್ಲ, ಕಾಫಿ ಪಿಕಿಂಗ್ ಮುಗೀಲಿ ಹೋಗಾಣ ಅಂದಿದ್ದ ಪುಟ್ಟಸ್ವಾಮಿ. ದೇವರ ಕೂದಲು ಉಳಿಸುವುದಕ್ಕೆ ತಾನೆ ಇಷ್ಟೆಲ್ಲ — ಮರದೊಳಗಿನ ಹುಳ ಕೊಲ್ಲುವ ಮದ್ದು ಹೇನು ಕೊಲ್ಲದೇ ಇರುತ್ತದೆಯೇ, ಹರಳೆಣ್ಣೆಯಲ್ಲಿ ಕಲಸಿ, ಬುಡಕ್ಕೆ ಇಳಿಯಲಿ ಅಂತ ತಿಕ್ಕಿ ತಿಕ್ಕಿ, ಹಳೆಯ ಪಂಚೆಯ ತುಂಡು ಬಿಗಿದು ಮಲಗಿಸಿದ್ದು, ಅವ್ವಾ ಉರೀತದೆ, ಸುಮ್ನಿರು ಕಂದ, ಬೆಳಿಗ್ಗೆ ಒಂದೂ ಇರಲ್ಲ ನೋಡ್ತಿರು. ಒಂದೂ ಇರಲಿಲ್ಲ. ಬಿಚ್ಚಿದರೆ ಬಿಳಿ ಬಟ್ಟೆಯ ತುಂಬ ಎಳ್ಳು ಚೆಲ್ಲಿದ ಹಾಗೆ ಸತ್ತ ಹೇನು, ಎಷ್ಟು ಖುಷಿಯಾಗಿತ್ತು, ಮಾರಿಯೂ ನಕ್ಕಳು, ಇನ್ನು ನನ್ ಪಕ್ಕ ಕೂತ್ಕತಾರಾ ಅವ್ವಾ, ನಕ್ಕ ಬಾಯಿ ಹಾಗೇ ಸೊಟ್ಟಗಾಗಿ, ಕಣ್ಣು ಮೇಲಕ್ಕೆ ಹೋಗಿ, ಕತ್ತು ತಿರುಚಿ — ಕೋಳಿ, ಥೇಟ್ ಆ ಕೋಳಿ. ಡಾಕ್ಟರು ಕೇಳುತ್ತಾರೆ, ಮಗು ಏನು ತಿಂತು, ಏನೂ ತಿಂದಿಲ್ಲ ಸ್ವಾಮಿ, ನಾನೇ ತಲೆಗೆ, ಈ ಕೈಯಲ್ಲೇ, ಹೇಳುತ್ತೇನೆ, ಎಲ್ಲರೆದುರಿಗೂ ಹೇಳುತ್ತೇನೆ, ನಂಜುಂಡಪ್ಪಾ, ಲೋಕದ ವಿಷವನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವನು ನೀನು, ಇದೊಂದು ಹಿಡಿ ನಿನಗೆ ಯಾವ ಲೆಕ್ಕ, ಎಳೆದುಕೋ, ಅವಳ ಮುಡಿಯ ಜೊತೆ ನನ್ನದನ್ನೂ ಕೊಡುತ್ತೇನೆ. ಬಿರ್ರನೆ ಹೊಡೀರಿ ಅಂದಳು, ಏರು ಕಣೇ, ಎತ್ತು ಉಸ್ರು ಬಿಡ್ಬೇಕಲ್ಲ ಅಂದ, ಹಿಂದೆ ತಿರುಗಲಿಲ್ಲ. ಮಗಳ ಪಾದ ತಣ್ಣಗಿದೆ, ಬೆಟ್ಟದ ಗಾಳಿ, ಮಡಿಕೇರಿ ಹತ್ತಿರವಾದರೆ ಎಲ್ಲರ ಪಾದವೂ ತಣ್ಣಗೇ, ಸೆರಗು ಬಿಡಿಸಿ ಹೊದಿಸಿದಳು, ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿದಳು, ಉದ್ದನೆಯ ಎಣ್ಣೆಗೂದಲು, ಪೂರ್ತಿ ಇದೆ, ದೇವರದು ದೇವರಿಗೆ ಇದೆ — ಅದರ ಬುಡದಿಂದ ಒಂದು ಹೇನು, ಒಂದೇ ಒಂದು, ಎಲ್ಲಿ ಅಡಗಿ ಬದುಕಿತ್ತೋ, ಹಣೆಯ ಮೇಲೆ ಬಂತು, ನಿಂತಿತು, ಹುಬ್ಬು ದಾಟಿ, ಮುಚ್ಚಿದ ಕಣ್ಣಿನ ಮೇಲೆ ಹಾದು, ಅವಸರವಿಲ್ಲದೆ, ಇಳಿಯುತ್ತಿದೆ