ತಳ್ಳಿಸಿಕೊಳ್ಳುವ ಭಾಗ್ಯ

ಗೆದ್ದ ಕೋಚನ್ನು ಬಟ್ಟೆ ಸಮೇತ ಕೊಳಕ್ಕೆ ತಳ್ಳುವುದೆಂದರೆ ಪೋರ್ಟ್ ಹ್ಯಾಡ್ಲಿ ಈಜು ಕ್ಲಬ್ಬಿನವರಿಗೆ ಎಲ್ಲಿಲ್ಲದ ಸಂಭ್ರಮ. ವಿಲ್ಮಾಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದ ಹಾಗಾಗುತ್ತಿತ್ತು. ಅವಳೂ ಅಲ್ಲಿ ಕೋಚೇ. ತಲೆ ನರೆಯುವಷ್ಟು ಕಾಲದಿಂದ ಊರಿನ ಪುಟ್ಟ ಮಕ್ಕಳಿಗೆಲ್ಲ ನೀರಿನ ಭಯ ಬಿಡಿಸಿದವಳು. ಅವಳನ್ನು ಯಾರೂ ಒಂದು ಸಲವೂ ತಳ್ಳಿರಲಿಲ್ಲ.

ತಳ್ಳಿಸಿಕೊಳ್ಳುತ್ತಿದ್ದವನು ಡ್ವೇನ್, ದೊಡ್ಡ ಕೋಚ್. ಮಕ್ಕಳು ಸ್ವಲ್ಪ ಉದ್ದವಾಗಿ, ಕೈಕಾಲು ಹೇಳಿದ ಮಾತು ಕೇಳತೊಡಗಿದ ಮೇಲೆ ವಿಲ್ಮಾಳ ಕೈಯಿಂದ ಅವನ ಕೈಗೆ ಹೋಗುತ್ತಿದ್ದರು. ಗೆಲ್ಲುವುದೆಲ್ಲ ಆಮೇಲಿನ ಮಾತು. ವರ್ಷದ ಕೊನೆಯ ಪಂದ್ಯ ಮುಗಿದ ಕೂಡಲೇ ಹುಡುಗ ಹುಡುಗಿಯರು ಅವನನ್ನು ಅಟ್ಟಿಸಿಕೊಂಡು ಹೋಗುವರು. ಅವನು ಬೇಡ ಬೇಡ ಅನ್ನುತ್ತ ಕೊಳದ ಸುತ್ತ ಓಡುವನು. ಆದರೆ ಬಾಗಿಲಿನ ಕಡೆಗೆ ಓಡಿದ್ದನ್ನು ವಿಲ್ಮಾ ಯಾವತ್ತೂ ಕಂಡಿರಲಿಲ್ಲ. ಓಡುವ ಮುಂಚೆಯೇ ಗಡಿಯಾರ, ಫೋನು, ಪರ್ಸು, ಕಿವಿ ಕೇಳಿಸುವ ಯಂತ್ರ ಎಲ್ಲವನ್ನೂ ತೆಗೆದು ಅವಳ ಕೈಗೆ ತುಂಬಿ, "ಸ್ವಲ್ಪ ಹಿಡ್ಕೋ" ಅನ್ನುತ್ತಿದ್ದ.

ಇನ್ನೊಂದು ವಿಷಯ ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಪಂದ್ಯದ ದಿನ ವಿಲ್ಮಾ ಕೂಡ ಕಾರಿನ ಕೀಲಿಯನ್ನು ಊಟದ ಚೀಲದಲ್ಲಿ ಹಾಕಿ, ಜೇಬು ಖಾಲಿ ಮಾಡಿಕೊಂಡು, ಕೊಳದ ಅಂಚಿಗೆ ಆದಷ್ಟು ಹತ್ತಿರ ನಿಲ್ಲುತ್ತಿದ್ದಳು. ಮಕ್ಕಳು ಅವಳ ಪಕ್ಕದಲ್ಲೇ ದಡದಡ ಓಡಿಹೋಗುತ್ತಿದ್ದರು. ಯಾರಾದರೂ ನಿಂತರೆ, ಜಾರುತ್ತೆ, ಹಿಂದೆ ಬನ್ನಿ ಅಂತ ಅವಳ ತೋಳು ಹಿಡಿದು ಗೋಡೆಯ ಹತ್ತಿರ ಬಿಟ್ಟುಹೋಗುತ್ತಿದ್ದರು.

ಈ ವರ್ಷ ಬ್ರಿಟಾಗೆ ಸನ್ಮಾನ. ಅಂಗಾತ ಈಜಿನಲ್ಲಿ ದೇಶದ ತಂಡ ಸೇರಿ, ಹೊರದೇಶಗಳಲ್ಲೆಲ್ಲ ಪದಕ ಗೆದ್ದು ಬಂದವಳು ಬ್ರಿಟಾ. ಕೊಳದ ಗೋಡೆಯ ಮೇಲೆ ಅವಳ ಹೆಸರು ಬರೆಸುವುದಿತ್ತು. ಅಲ್ಲಿಯ ಕ್ರಮವೇನೆಂದರೆ, ಈಜುಗಾರನ ಹೆಸರಿನ ಕೆಳಗೆ ಒಬ್ಬ ಕೋಚಿನ ಹೆಸರು, ಒಬ್ಬರದೇ. ಯಾರದೆಂದು ಮುಂಚೆ ಹೇಳುವ ಹಾಗಿಲ್ಲ. ಸನ್ಮಾನದ ದಿನ ಈಜುಗಾರ ನೀರಿಗೆ ಹಾರುವ ಕಟ್ಟೆಯ ಮೇಲೆ ನಿಂತು ಆ ಹೆಸರು ಕೂಗಬೇಕು. ಕೂಗಿಸಿಕೊಂಡವರು ನೀರಿಗೆ.

ಕ್ಲಬ್ಬಿನ ಅಧ್ಯಕ್ಷ ಲಾಯ್ಡ್ ಫೋನು ಮಾಡಿ, ಅವತ್ತಿನ ತಿಂಡಿಗೆ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ ನಿನ್ನ ಕೈಯದೇ ಆಗಬೇಕು ಅಂದ. ಫೋನು ಇಡುವ ಮುಂಚೆ, ವಿಲ್ಮಾ ಬಂದೇ ಬರಬೇಕು ಅಂತ ಬ್ರಿಟಾ ಎರಡೆರಡು ಸಲ ಹೇಳಿದ್ದಾಳೆ ಎಂದೂ ಸೇರಿಸಿದ. ಆ ಒಂದು ಮಾತಿನ ಮೇಲೆ ವಿಲ್ಮಾ ಇಡೀ ಮನೆ ಕಟ್ಟಿಬಿಟ್ಟಳು. ನೀಲಿ ಬಣ್ಣದ ಹೊಸ ಫ್ರಾಕು ಕೊಂಡಳು. ಕೊಳದ ಕ್ಲೋರಿನ್ನಿನಿಂದ ಹಸಿರು ಹೊಡೆದಿದ್ದ ಕೂದಲನ್ನು ಸಲೂನಿನವಳು ಬೈದುಕೊಂಡೇ ಸರಿಮಾಡಿದಳು. ಬೇಗ ಒಣಗುವ ಚಪ್ಪಲಿ ಯಾವುದು ಅಂತ ಅಂಗಡಿಯಲ್ಲಿ ಕೇಳುವಾಗ ಅವಳಿಗೇ ನಾಚಿಕೆಯಾಯಿತು.

ಆ ಮಧ್ಯಾಹ್ನ ಕೊಳದ ಸುತ್ತ ಮಡಚುವ ಕುರ್ಚಿಗಳು. ಹ್ಯಾಮ್ ಇಟ್ಟ ಬನ್ನು, ಕೇಕು, ವಿಲ್ಮಾಳ ಆಲೂಗಡ್ಡೆ. ಒಳಗಿನ ಬಿಸಿ ಹಬೆಗೆ ಎಲ್ಲರ ಕನ್ನಡಕವೂ ಮಂಜಾಗಿತ್ತು. ಬ್ರಿಟಾ ಕೊರಳಲ್ಲಿ ಪದಕ ಹಾಕಿಕೊಂಡು, ಬಿಳಿ ಉಡುಪಿನಲ್ಲಿ ಕಟ್ಟೆ ಹತ್ತಿದಳು. ವಿಲ್ಮಾ ಅವಳನ್ನಲ್ಲ, ಡ್ವೇನನ್ನು ನೋಡುತ್ತಿದ್ದಳು. ಅವನು ಕಾಲು ಚಾಚಿ, ಯಾರದೋ ಮದುವೆಗೆ ಬಂದವನ ಹಾಗೆ ಕೇಕು ತಿನ್ನುತ್ತಿದ್ದ. ಆ ನಿಶ್ಚಿಂತೆ ಕಂಡೇ ಅವಳ ಮೈ ಉರಿಯಿತು.

ಬ್ರಿಟಾ ಅಪ್ಪ ಅಮ್ಮನನ್ನು ನೆನೆದಳು. ಚಳಿಗಾಲದ ಬೆಳಗಿನ ಹಿಮ ನೆನೆದಳು. ಆಮೇಲೆ, ಈ ಒಬ್ಬರು ಇಲ್ಲದಿದ್ದರೆ ನಾನು ಇವತ್ತಿಗೂ ಮೆಟ್ಟಿಲ ಮೇಲೇ ಕೂತಿರುತ್ತಿದ್ದೆ ಅಂದಳು. ಮೆಟ್ಟಿಲು! ಕೊಳದ ಮೆಟ್ಟಿಲಿರುವುದು ಚಿಕ್ಕ ಮಕ್ಕಳ ಕಡೆಗೆ, ವಿಲ್ಮಾಳ ಕಡೆಗೆ. ವಿಲ್ಮಾ ಕುರ್ಚಿ ಹಿಂದೆ ಸರಿಸಿ ಅರ್ಧ ಎದ್ದೇಬಿಟ್ಟಳು.

"ಡ್ವೇನ್," ಅಂತ ಕೂಗಿದಳು ಬ್ರಿಟಾ.

ಅರ್ಧ ಎದ್ದವಳು ಏನು ಮಾಡಬೇಕು? ಮೇಜಿನ ಕಡೆ ಬಾಗಿ, ಆಲೂಗಡ್ಡೆಯ ಚಮಚ ಸರಿಯಾಗಿಟ್ಟು ಕೂತಳು. ಚಪ್ಪಾಳೆಯ ನಡುವೆ ಅದನ್ನು ಯಾರೂ ನೋಡಲಿಲ್ಲ. ನೋಡಲಿಲ್ಲ ಅನ್ನುವುದೂ ಅವಳಿಗೆ ಚುಚ್ಚಿತು.

ಹುಡುಗರು ಎದ್ದರು. ಡ್ವೇನ್ ಬೇಡ ಬೇಡ ಅಂದುಕೊಂಡೇ ನೇರವಾಗಿ ವಿಲ್ಮಾಳ ಹತ್ತಿರ ಬಂದು ಗಡಿಯಾರ ಬಿಚ್ಚಿಕೊಟ್ಟ, ಫೋನು, ಪರ್ಸು ಕೊಟ್ಟ, ಕೊನೆಗೆ ಎರಡೂ ಕಿವಿಯ ಯಂತ್ರಗಳನ್ನು ಅವಳ ಅಂಗೈಯಲ್ಲಿಟ್ಟ. ಬೆಚ್ಚಗಿದ್ದವು. ಅವಳಿಗೆ ಹೇಸಿಗೆಯಾಯಿತು. ಅವನಿಗೆ ಈಗ ಏನೂ ಕೇಳುವುದಿಲ್ಲ ಅನ್ನುವ ಧೈರ್ಯವೂ ಬಂತು.

"ಮುಖ ಒದ್ದೆಯಾಗತ್ತೆ ಅಂತ ಅಳ್ತಿದ್ಲು ಕಣೋ ಅವಳು. ಅಂಗಾತ ಮಲಗಿಸಿ, ತಲೆ ನನ್ನ ಭುಜದ ಮೇಲಿಟ್ಕೊಂಡು ಈಜು ಕಲಿಸಿದ್ದು ನಾನು. ನಿನ್ನ ಕೈಗೆ ಬಂದಾಗ ಆಗ್ಲೇ ಈಜ್ತಾ ಇದ್ಲು. ನೀನು ಬರೀ ಸೀಟಿ ಊದಿದ್ದು."

"ಹೌದೌದು," ಅಂದ ಡ್ವೇನ್, ನಗುತ್ತ. "ಜೋಪಾನ, ಅವು ತುಂಬಾ ಸೂಕ್ಷ್ಮ."

ಮರುಗಳಿಗೆಯಲ್ಲೇ ಅವನನ್ನು ಎತ್ತಿ ಒಗೆದರು. ಛಾವಣಿ ಹಾರಿಹೋಗುವಂಥ ಕೂಗು. ಆ ಕೂಗಿನಲ್ಲಿ ವಿಲ್ಮಾ ಪಕ್ಕಕ್ಕೆ ತಿರುಗಿದರೆ, ಯಾವಾಗಲೋ ಕಟ್ಟೆ ಇಳಿದು ಬಂದ ಬ್ರಿಟಾ ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

ಬ್ರಿಟಾಳ ಕೆನ್ನೆ ಕೆಂಪಾಗಿತ್ತು.

"ನನಗದು ನೆನಪಿಲ್ಲ ವಿಲ್ಮಾ," ಅಂದಳು. "ಸುಳ್ಳು ಹೇಳಲ್ಲ. ಅಳ್ತಾ ಮೆಟ್ಟಿಲ ಮೇಲೆ ಕೂತಿದ್ದೆ ಅಂತ ಅಮ್ಮ ಹೇಳಿದ್ದೇ ಹೊರತು ನನಗೆ ಗೊತ್ತಿಲ್ಲ. ಈಜೋಕೆ ಬರದೇ ಇದ್ದ ಕಾಲವೇ ನೆನಪಿಲ್ಲ. ಡ್ವೇನ್ ಬೈದಿದ್ದೆಲ್ಲ ನೆನಪಿದೆ."

"ಬೈದಿದ್ರೆ ನಾನೂ ನೆನಪಿರ್ತಿದ್ನೇನೋ."

ಬ್ರಿಟಾ ನಗಲು ಹೋಗಿ ತಡೆದುಕೊಂಡಳು. "ನಿಮ್ಮನ್ನ ತಳ್ಳಬೇಕು ಅಂತ ಯಾರಿಗೂ ಹೊಳೀಲೇ ಇಲ್ಲ. ಡ್ವೇನ್ ಯಾವಾಗ್ಲೂ ಮೇಲೆ ಒಣಗಿಕೊಂಡು ನಿಂತಿರ್ತಾರೆ. ನೀವು ದಿನಾ ನೀರಲ್ಲೇ ಇರ್ತಿದ್ರಿ. ಒದ್ದೆ ಇರೋರನ್ನ ಏನಂತ ತಳ್ಳೋದು?"

ಆ ಮಾತು ವಿಲ್ಮಾಳ ತಲೆಯೊಳಗೆ ಇಳಿಯಲು ಕೊಂಚ ಹೊತ್ತು ಹಿಡಿಯಿತು. ಇಷ್ಟು ಸಣ್ಣ ಕಾರಣ! ಇದಕ್ಕಾಗಿ ಅವಳು ಎಷ್ಟು ಚಳಿಗಾಲ ಹಲ್ಲು ಕಚ್ಚಿದ್ದಳು.

"ಇವತ್ತು ಒಣಗಿದೀನಿ," ಅಂದಳು ಮೆಲ್ಲಗೆ.

ಬ್ರಿಟಾ ಅವಳ ಫ್ರಾಕು ನೋಡಿದಳು. "ಹೊಸದಲ್ವಾ?"

"ಆದ್ರೇನು?"

ಡ್ವೇನ್ ನೀರು ಸುರಿಸುತ್ತ ಮೇಲೆ ಬಂದಿದ್ದ. ವಿಲ್ಮಾ ಅವನ ಸಾಮಾನೆಲ್ಲ ಅವನ ಮುಂದಿನ ಕುರ್ಚಿಯ ಮೇಲಿಟ್ಟು, ತನ್ನ ಕನ್ನಡಕ ತೆಗೆದು ಅವನ ಒದ್ದೆ ಅಂಗೈಗೆ ಕೊಟ್ಟು, "ಸ್ವಲ್ಪ ಹಿಡ್ಕೋ" ಅಂದಳು. ಅವನಿಗೆ ಕೇಳಿಸದಿದ್ದರೂ ಹಿಡಿದುಕೊಂಡ. ಅವಳು ಕೊಳಕ್ಕೆ ಬೆನ್ನು ಹಾಕಿ ಅಂಚಿನಲ್ಲಿ ನಿಂತಳು.

ಬ್ರಿಟಾ ನಾಲ್ಕಾರು ಜನರನ್ನು ಕರೆದಳು. ಅವರು ಬಂದರು, ಆದರೆ ಡ್ವೇನನ್ನು ಎತ್ತಿ ಒಗೆದ ಹಾಗೆ ಒಗೆಯಲಿಲ್ಲ. ಒಬ್ಬ ಮಂಡಿ ನೋವಿದೆಯಾ ಅಂತ ಕೇಳಿದ. ಇನ್ನೊಬ್ಬಳು ಮೊಣಕೈ ಹಿಡಿದಳು. ಗಾಜಿನ ಪಾತ್ರೆ ಇಳಿಸುವವರ ಹಾಗೆ, ನಯವಾಗಿ, ಹಿಂದಕ್ಕೆ ಬಿಟ್ಟರು.

ನೀರೊಳಗೆ ಹೋಗುತ್ತಲೇ ಅವಳು ಕಿವಿಗೊಟ್ಟಳು. ಮೇಲೆ ಕೂಗಿದರು, ಕೂಗಲಿಲ್ಲ ಅಂತಲ್ಲ. ಆದರೆ ಡ್ವೇನನಿಗೆ ಕೂಗಿದ್ದರ ಅರ್ಧವೂ ಇರಲಿಲ್ಲ. ಚಪ್ಪಾಳೆಯೇ ಜಾಸ್ತಿ, ಅದೂ ಅಜ್ಜಿಯರಿಗೆ ತಟ್ಟುವಂಥದ್ದು. ಕೇಳಿ ಪಡೆದದ್ದು ಇಷ್ಟೇ ಇರುತ್ತದೆ ಅಂದುಕೊಂಡಳು. ಗೋಡೆಯ ಮೇಲಿನ ಹೆಸರೂ ಅವನದೇ.

ಮೇಲೆ ಬರಬೇಕು ಅನ್ನಿಸಲಿಲ್ಲ. ಅವಳು ಉಸಿರನ್ನು ಸಣ್ಣಗೆ, ಬಹಳ ಸಣ್ಣಗೆ ಬಿಡುತ್ತ ತಳದಲ್ಲಿ ಕೂತಳು. ಫ್ರಾಕು ಸುತ್ತಲೂ ನೀಲಿಯಾಗಿ ಅರಳಿ ನಿಂತಿತು. ನೀರಲ್ಲಿ ಅವಳಷ್ಟು ಹೊತ್ತು ಕೂರಬಲ್ಲವರು ಆ ಊರಿನಲ್ಲಿ ಇನ್ಯಾರೂ ಇರಲಿಲ್ಲ. ಚಪ್ಪಾಳೆ ನಿಂತಿತು. ಕೂಗು ಬೇರೆಯಾಯಿತು, ಯಾರೋ ಅವಳ ಹೆಸರು ಕರೆದರು. ಮತ್ತೆ ಕರೆದರು, ಇನ್ನೂ ಜೋರಾಗಿ. ಡ್ವೇನನಿಗೆ ಕೂಗಿದ್ದಕ್ಕಿಂತ ಜೋರಾಗಿ. ಅಂಚಿನಲ್ಲಿ ಕಾಲುಗಳು ಗುಂಪುಗೂಡುವುದು ಕಾಣಿಸಿತು. ಇನ್ನು ಸ್ವಲ್ಪ ತಡೆಯೋಣ ಅಂದುಕೊಂಡಳು.

ಅಷ್ಟರಲ್ಲಿ ನೀರು ಒಡೆದು, ಬಿಳಿ ಉಡುಪು, ಪದಕ, ಒಂದು ಕಾಲಿನ ಚಪ್ಪಲಿ ಎಲ್ಲದರ ಸಮೇತ ಬ್ರಿಟಾ ಅವಳ ಕಡೆಗೆ ಧುಮುಕಿ ಬಂದಳು. ಕಣ್ಣು ಅಗಲವಾಗಿತ್ತು, ಮುಖದಲ್ಲಿ ನಿಜವಾದ ಭಯವಿತ್ತು. ವಿಲ್ಮಾ ಅವಳ ಕೈ ಹಿಡಿದುಕೊಂಡು, ಅವಸರವಿಲ್ಲದೆ, ಅವಳನ್ನೇ ಮೇಲಕ್ಕೆ ಕರೆದುಕೊಂಡು ಹೋದಳು.

ಡ್ವೇನ್ ಬಿದ್ದಾಗ ಅವನ ಹಿಂದೆ ಯಾರೂ ಹಾರಿರಲಿಲ್ಲ.