ಡಬ್ಬಿ ಕಾಯಿಯಲ್ಲಿ ಬಂದ ದವಡೆ

೧೯೯೬ರ ಫೆಬ್ರುವರಿ ೨೦, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ರಾಣೆಬೆನ್ನೂರಿನ ಸ್ಕ್ಯಾನ್ ಕೇಂದ್ರದ ಮೇಜಿನ ಮೇಲೆ ನಾನೊಂದು ಚೀಲ ಇಟ್ಟೆ. ಒಳಗಿದ್ದದ್ದು ಇಪ್ಪತ್ತೈದು ಕೋಟಿ ವರ್ಷ ಹಳೆಯ ದವಡೆ. ನಾಲ್ಕು ಕಾಲು ಪಡೆದು ದಡ ಹತ್ತಿದ ಹಳೆಯ ವಂಶದ ಪ್ರಾಣಿಯದು. ಉದುರುವ ಹಲ್ಲಿನ ಬುಡದಲ್ಲಿ ಹೊಸದು ಮೂಡುತ್ತಿತ್ತೆ ಎಂಬುದು ನನ್ನ ಪ್ರಬಂಧದ ಪ್ರಶ್ನೆ. ಸ್ಕ್ಯಾನಿನಲ್ಲಿ ಕಾಣದಿದ್ದರೆ ಗುರುವಾರ ನಾನು ಪಾಠ ಹೇಳುವ ಹಾವೇರಿಯ ಕಾಲೇಜಿಗೆ ಬಂದು, ದವಡೆಯನ್ನು ಗರಗಸದಿಂದ ಸೀಳುವುದಾಗಿ ಮಾರ್ಗದರ್ಶಕರು ಬರೆದಿದ್ದರು. ನಾಲ್ಕು ವರ್ಷ ಸೂಜಿಯಿಂದ ಕೆರೆದು ಅದನ್ನು ಕಲ್ಲಿನಿಂದ ಬಿಡಿಸಿದವನು ನಾನು.

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯ ಗೂಡುಸಾಬರು ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲರು. ಮುರಿಯದಂತೆ ಕಟ್ಟಿಕೊಡಿ ಎಂದಿದ್ದೆ. ಯಾರ್ಡಿನ ಪದ್ಧತಿಯಂತೆ, ಡಬ್ಬಿ ಎಂಬ ದಪ್ಪ ತಳಿಯ ಮೆಣಸಿನಕಾಯಿಗೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ನಡುವೆ ದವಡೆಯಿಟ್ಟು ಚೀಲ ಹೊಲಿದು, ತಾವೂ ಜೊತೆಗೆ ಬಂದಿದ್ದರು.

ಚೀಲ ಬಿಚ್ಚಿದೊಡನೆ ಯಂತ್ರ ನಡೆಸುವ ಮಹಮ್ಮದ್ ಹನೀಫ್ ಏಳು ಸಲ ಸೀನಿದ.

"ಚಾಚಾ, ಇದು ಪೇಶಂಟೋ ಉಪ್ಪಿನಕಾಯೋ?"

"ಎಷ್ಟು ಆರಾಮ ಮಲಗ್ಯಾನ ನೋಡು. ನಿನ್ನ ಮದಿವ್ಯಾಗೂ ಇಂಥಾ ಗಾದಿ ಹಾಸಿರಲಿಲ್ಲ."

"ವಯಸ್ಸು ಹೇಳ್ರಿ ಸರ. ಯಂತ್ರದಾಗ ಎರಡ ಅಂಕಿ ಹಿಡಿತಾವ."

"ತೊಂಬತ್ತೊಂಬತ್ತು ಬರಿ," ಎಂದರು ಗೂಡುಸಾಬರು. "ಮಾರಿ ನೋಡಿದ್ರ ಅಷ್ಟ ಇರಬೇಕು."

ಹತ್ತನೆಯ ಚಿತ್ರದಲ್ಲಿ, ಹಲ್ಲಿನ ಬುಡದ ಗುಳಿಗಳಲ್ಲಿ ಆರು ಪುಟ್ಟ ಆಕೃತಿಗಳು ಸಾಲಾಗಿ ಕಂಡವು. ನಾನು ಹನೀಫನನ್ನು ತಬ್ಬಿಕೊಂಡೆ. ಅವನು ನನ್ನ ಹೆಗಲ ಮೇಲೆಯೇ ಸೀನಿದ.

ಗೂಡುಸಾಬರು ಪರದೆಗೆ ಮೂಗು ಹಚ್ಚಿದರು. "ಸರ, ಇವು ಡಬ್ಬಿ ಕಾಯಿ ಬೀಜ."

"ಹುಚ್ಚ ಹಿಡದೈತೇನ್ರಿ? ಹೊಸ ಹಲ್ಲವು!"

"ದುಂಡಗ, ಚಪ್ಪಟಿ, ಒಂದ ಕಡೆ ಚುಂಚು. ಮೂವತ್ತು ವರ್ಷದಿಂದ ನೋಡಾಕತ್ತೇನಿ. ಸಣಕಲ ಕಡ್ಡಿ ಕಾಯ್ಯಾಗ ಬೀಜ ಕಡಿಮಿ, ಅದನ್ನ ಹಾಕಬೇಕಿತ್ತು. ಡಬ್ಬಿ ಮೆತ್ತಗ ಅಂತ ಹಾಕಿದ್ನಿ, ತಪ್ಪಾತು."

ಸ್ಕ್ಯಾನಿನಲ್ಲಿ ಹಲ್ಲು ಕಲ್ಲಿಗಿಂತ ಬೆಳ್ಳಗೆ ಕಾಣಬೇಕು. ಇವು ಬೂದು ಬಣ್ಣಕ್ಕಿದ್ದವು. ಅದನ್ನು ನೋಡುವ ಮೊದಲೇ ನಾನು ತಬ್ಬಿಕೊಂಡುಬಿಟ್ಟಿದ್ದೆ.

ಗೂಡುಸಾಬರು ದವಡೆಯನ್ನು ಬೋರಲು ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಕಾಗದದ ಮೇಲೆ ಆರು ಬೀಜ ಬಿದ್ದವು. ಹನೀಫ್ ಮೂಗಿಗೆ ಟವೆಲ್ ಕಟ್ಟಿಕೊಂಡು ಮತ್ತೆ ಯಂತ್ರ ಹಚ್ಚಿದ.

ಈ ಸಲ ಗುಳಿಗಳೆಲ್ಲ ಖಾಲಿ. ಹದಿನಾರನೆಯ ಚಿತ್ರವೂ ಖಾಲಿ. ಹದಿನೇಳನೆಯದರಲ್ಲಿ, ಗಾಳಿಯೂ ಹೋಗದಂತೆ ಕಲ್ಲು ತುಂಬಿದ ಮೂಳೆಯೊಳಗೆ, ಒಂದು ಬೆಳ್ಳನೆಯ ಮೊನೆ. ನಾನು ಗೂಡುಸಾಬರ ಮುಖ ನೋಡಿದೆ.

"ಇದು ನಮ್ಮ ಯಾರ್ಡಿನ ಮಾಲಲ್ಲ ಬಿಡ್ರಿ."

ಎದುರಿನ ಎಸ್‌ಟಿಡಿ ಬೂತಿನಿಂದ ಮಾರ್ಗದರ್ಶಕರಿಗೆ ಗರಗಸ ತರಬೇಡಿ ಎಂದು ಹೇಳಿದೆ. ಹೊಸ ಹಲ್ಲಿನ ಎತ್ತರ ೪.೨ ಮಿಲಿಮೀಟರ್.