ಹದಿನೆಂಟು ಮನೆಗೆ ಕೊಂಬೆ ಕೊಟ್ಟ ನೆಲ್ಲಿಮರ

ಪೆರಂಬೂರಿನ ವಿಷ್ಣುತೀರ್ಥರಿಗೆ ಆ ಬೆಳಗ್ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗೇಟಿಗೆ ಹೋಗುವರು, ಹಿತ್ತಲಿಗೆ ಬರುವರು. ಹಿತ್ತಲಿನ ನೆಲ್ಲಿಮರ ಕಡಿಯುವವನು ಹತ್ತು ಗಂಟೆಗೆ ಬರುತ್ತೇನೆಂದಿದ್ದ.

“ಏಳು ವರ್ಷ ನೀರು ಹೊಯ್ದಾಯ್ತು. ಒಂದಾದ್ರೂ ನೆಲ್ಲಿಕಾಯಿ ಕಂಡೆವಾ? ಕಡಿದ್ರೆ ಸ್ಕೂಟರ್ ನಿಲ್ಲಿಸೋಕಾದ್ರೂ ಜಾಗ ಆಗುತ್ತೆ!”

ಹೆಂಡತಿ ಗೋದಾಬಾಯಿಗೆ ಕಣ್ಣು ತುಂಬಿ ಬಂತು. ಸಸಿ ನೆಟ್ಟವರು ಅವರೇ. “ಕೊಂಚ ಸುಮ್ಮನೆ ಕೂತ್ಕೊಳ್ರೀ, ತಲೆ ಸುತ್ತುತ್ತೆ” ಎಂದರು.

ಗಲಾಟೆ ಕೇಳಿ ಪಕ್ಕದ ಮನೆಯ ಸುಗುಣಾ ಓಡಿಬಂದಳು. ಕುಂದಾಪುರದ ಕಡೆಯವಳು, ಗಿಡಗಳ ವಿಷಯದಲ್ಲಿ ಬಲು ಚುರುಕು. ಮರವನ್ನು ಸುತ್ತಿ ನೋಡಿ ಕೇಳಿದಳು, “ಇದರ ಕೊಂಬೆಗಳೆಲ್ಲ ಎಲ್ಲಿ ಹೋದವು ಮಾರಾಯ್ರೆ?”

“ತುಳಸಿ ಮದುವೆಗೆ ಕಣೇ. ಪ್ರತಿ ಕಾರ್ತೀಕ ಹದಿನೆಂಟು ಮನೆಯವರು ಬರ್ತಾರೆ. ನೆಲ್ಲಿಕೊಂಬೆ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ಪುಣ್ಯ ಅಲ್ವಾ!” ಎಂದರು ಗೋದಾಬಾಯಿ.

“ಪುಣ್ಯ ನಿಮಗೆ, ಬೋಳು ಮರಕ್ಕೆ! ಹೂ ಬಿಡುವುದು ಆ ಕೊಂಬೆಗಳಲ್ಲೇ ಅಲ್ವಾ? ಮತ್ತೆ, ಒಂಟಿ ನೆಲ್ಲಿ ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಹತ್ತಿರ ಬೇರೆ ತಳಿಯದೊಂದು ಇರಬೇಕು. ನನ್ನ ಹಿತ್ತಲಲ್ಲಿ ಕಸಿ ಗಿಡ ನೆಡ್ತೇನೆ. ಜೇನುನೊಣಕ್ಕೆ ಗೋಡೆ ದಾಟಲು ಪಾಸ್‌ಪೋರ್ಟ್ ಬೇಡ.”

“ಆಮೇಲೂ ಬರದಿದ್ರೆ?” ವಿಷ್ಣುತೀರ್ಥರ ಅನುಮಾನ ಹೋಗಿರಲಿಲ್ಲ.

“ನಾನೇ ಗರಗಸ ಹಿಡೀತೇನೆ. ಮೂರು ಕಾರ್ತೀಕ ಮರಕ್ಕೆ ಕತ್ತಿ ಮುಟ್ಟಿಸಬೇಡಿ. ಬುಡದಲ್ಲಿ ನೀರು ನಿಲ್ಲಿಸಬೇಡಿ.”

ಅಷ್ಟರಲ್ಲಿ ಗೇಟಿನ ಸದ್ದಾಯಿತು. “ಸಾರ್, ವೆಟ್ಟಲಾಮಾ?” ಕಡಿಯಲೇ ಎಂದು ತಮಿಳಿನಲ್ಲಿ ಕೇಳುತ್ತ ಕೊಡಲಿಯವನು ಬಂದೇಬಿಟ್ಟಿದ್ದ.

ವಿಷ್ಣುತೀರ್ಥರು ಹೆಂಡತಿಯ ಮುಖ ನೋಡಿದರು. “ಕಡಿಯೋದು ವೇಂಡಾಂಪ್ಪಾ, ಬೇಡ. ಪಕ್ಕದ ಮನೆಯಲ್ಲಿ ಒಂದು ಗುಂಡಿ ತೋಡು” ಎಂದರು.

ನಾಲ್ಕನೆಯ ಕಾರ್ತೀಕಕ್ಕೆ ಎರಡೂ ಮರಗಳಲ್ಲಿ ಕಾಯಿ ತೂಗಿದವು. ಭರಣಿ ತುಂಬ ಉಪ್ಪುನೀರಿನ ನೆಲ್ಲಿಕಾಯಿ. ವಿಷ್ಣುತೀರ್ಥರಂತೂ ನೆಲ್ಲಿ ತಿನ್ನಬಾರದ ಭಾನುವಾರ ಬಿಟ್ಟು ದಿನವೂ ನೆಲ್ಲಿಕಾಯಿ ತಂಬುಳಿ ಕೇಳುತ್ತಾರೆ! ಯಾರಿಗೂ ಇಲ್ಲ ಎನ್ನದ ಗೋದಾಬಾಯಿ ಈ ಸಲ ಎದೆ ಗಟ್ಟಿಮಾಡಿಕೊಂಡು ಹೇಳಿದರು, “ಮನೆಗೊಂದು ಕೊಂಬೆ ಕೊಡೋಲ್ಲ. ಬೀದಿಗೆಲ್ಲ ಒಂದೇ ತುಳಸಿ ಮದುವೆ, ನಮ್ಮ ಹಿತ್ತಲಲ್ಲೇ ಮಾಡೋಣ ಬನ್ನಿ.” ಹದಿನೆಂಟು ಮನೆಯವರೂ ಬಂದರು.

ಅಕ್ಕಂದಿರೇ, ಅಣ್ಣಂದಿರೇ, ಕಾಯಿ ಬಿಡದ ನೆಲ್ಲಿಯನ್ನು ಬೈಯುವ ಮುಂಚೆ ಕತ್ತಿ ಯಾರ ಕೈಯಲ್ಲಿದೆ ನೋಡಿಕೊಳ್ಳಿ. ನೆರೆಮನೆಯವರೊಂದಿಗೆ ಇಂದೇ ಮಾತಾಡಿ, ಗೋಡೆಯ ಆಚೆಗೊಂದು ಈಚೆಗೊಂದು ನೆಲ್ಲಿ ನೆಡಿ. ಹಬ್ಬಕ್ಕೆ ಬಂದವರ ಕೈತುಂಬ ಕಾಯಿ ಕೊಡಿ. ಅದೂ ಪುಣ್ಯವೇ.